ವೇದಿಕಾ ಮೀಮಾಂಸೆ ಅರ್ಥಾತ್ ಶಾಲು ಹೊದ್ದ ಕಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಂಚ ತಾಲ್ಲೂಕುಗಳಲ್ಲಿ ಕಲೆ ಇದೆಯೇ ಎಂಬ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ಇದೆ ಎನ್ನುವವರು ವೇದಿಕೆಯ ಮೇಲಿರುತ್ತಾರೆ. ಎಲ್ಲಿದೆ ಎಂದು ಕೇಳುವವರು ವೇದಿಕೆಯ ಹಿಂದೆ ಬಣ್ಣ ಹಚ್ಚಿಕೊಂಡು ಕೂತಿರುತ್ತಾರೆ. ಪ್ರಸ್ತುತ ಸಂಶೋಧಕನ ಸಿದ್ಧಾಂತ ಬೇರೆ: ಕಲೆ ಇದೆ, ಆದರೆ ರಾತ್ರಿ ಹನ್ನೊಂದರ ಮೇಲೆ ಇದೆ. ಅಲ್ಲಿಯ ತನಕ ಇರುವುದು ವೇದಿಕೆ ಕಾರ್ಯಕ್ರಮ. ಅದೇ ಈ ಸೀಮೆಯ ಸ್ವತಂತ್ರ, ಪರಿಪೂರ್ಣ ದೇಸೀ ಕಲೆಯೆಂದೂ, ದೊಡ್ಡಾಟ, ತೊಗಲುಗೊಂಬೆ, ನಾಟಕಗಳು ಅದರ ಬಾಲಂಗೋಚಿಗಳೆಂದೂ ಇಲ್ಲಿ ಸಾಧಿಸಲಾಗುವುದು.

ನಮ್ಮ ಮೂಲ ಆಕರ ಆಹ್ವಾನ ಪತ್ರಿಕೆ. ಅದನ್ನು ಶಾಸನದಂತೆಯೇ ಓದಬೇಕು. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಘನ ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ. ಉದ್ಘಾಟಿಸುವವರೇ ದೀಪ ಹಚ್ಚಿದರೆ ಸಾಲದೇ ಎಂಬ ಪ್ರಶ್ನೆ ಅಪ್ರಬುದ್ಧ. ಒಂದೇ ದೀಪಕ್ಕೆ ಐದು ಬತ್ತಿ ಇಟ್ಟ ಪೂರ್ವಿಕರು ತಾಲ್ಲೂಕು ರಾಜಕಾರಣ ಬಲ್ಲವರಾಗಿದ್ದರು. ಪತ್ರಿಕೆಯ ತಳದಲ್ಲಿ, ಪ್ರೆಸ್ಸಿನ ಹೆಸರಿಗಿಂತ ಒಂದು ಗೆರೆ ಮೇಲೆ, ‘ನಂತರ ಸಾಂಸ್ಕೃತಿಕ ಕಾರ್ಯಕ್ರಮಗಳು’ ಎಂದಿರುತ್ತದೆ. ಕಲಾವಿದರು ‘ಮತ್ತು ಸಂಗಡಿಗರು’ ಎಂಬಲ್ಲಿ ಅಡಗಿರುತ್ತಾರೆ. ಹಳೆಯ ಶಾಸನಗಳಲ್ಲೂ ರೂವಾರಿಯ ಹೆಸರು ಕೊನೆಗೇ ಬರುತ್ತಿತ್ತಲ್ಲ, ಇದು ಪರಂಪರೆ ಎಂದು ಸಂಘಟಕರು ವಾದಿಸಬಹುದು. ರೂವಾರಿ ಕೆತ್ತಿದ್ದು ಉಳಿಯಿತು ಎಂಬ ಸಣ್ಣ ವ್ಯತ್ಯಾಸವನ್ನು ಅಡಿಟಿಪ್ಪಣಿಗೆ ಬಿಡೋಣ.

ಈ ವೇದಿಕಾ ಪದ್ಧತಿಗೆ ಶಾಸ್ತ್ರಾಧಾರವೂ ಇದೆ. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗಕ್ಕೆ ಮೀಸಲು. ನಾಟಕಕ್ಕೆ ಮುನ್ನ ನಡೆಯಬೇಕಾದ ವಿಧಿಗಳು ಹತ್ತೊಂಬತ್ತು. ಒಂಬತ್ತು ತೆರೆಯ ಹಿಂದೆ, ಉಳಿದವು ಮುಂದೆ. ನಮ್ಮವರು ಹಿಂದಿನವನ್ನೂ ಮುಂದಕ್ಕೆ ತಂದರು. ಇಂದ್ರ ವಿಘ್ನಗಳನ್ನು ಬಡಿದೋಡಿಸಿದ ಜರ್ಜರ ದಂಡವೇ ಇಂದಿನ ಮೈಕ್ ಸ್ಟ್ಯಾಂಡು ಎಂಬುದರಲ್ಲಿ ಸಂದೇಹ ಬೇಡ: ಅದನ್ನು ತಟ್ಟಿ, ಊದಿ, ‘ಹಲೋ ಹಲೋ ಚೆಕ್’ ಎಂಬ ಬೀಜಮಂತ್ರದಿಂದ ಆವಾಹಿಸುತ್ತಾರೆ. ಒಮ್ಮೆ ಹಿಡಿದವರ ಕೈಯಿಂದ ಅದನ್ನು ಬಿಡಿಸುವ ಶಕ್ತಿ ಮಾತ್ರ ಇಂದ್ರನಿಗೂ ಇಲ್ಲ. ಪೂರ್ವರಂಗದ ಹಾಡು ಕುಣಿತವನ್ನು ಅತಿಯಾಗಿ ಎಳೆದರೆ ಆಡುವವರೂ ನೋಡುವವರೂ ದಣಿಯುತ್ತಾರೆ, ದಣಿದವರಿಗೆ ರಸ ದಕ್ಕದು ಎಂದು ಭರತ ಅದೇ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಈ ಭಾಗ ಪ್ರಕ್ಷಿಪ್ತವೆಂಬುದು ನಮ್ಮ ಕಡೆಯ ಸಂಘಟಕರ ಒಮ್ಮತ.

ದಣಿವಿನ ಕ್ಷೇತ್ರಕಾರ್ಯಕ್ಕೆ ದೊಡ್ಡಾಟದ ಚೌಕಿಗಿಂತ ಒಳ್ಳೆಯ ಜಾಗವಿಲ್ಲ. ಸಂಜೆ ಏಳಕ್ಕೇ ಎದೆಕಟ್ಟು, ಭುಜಕೀರ್ತಿ, ಕಿರೀಟ ಬಿಗಿಸಿಕೊಂಡ ದುರ್ಯೋಧನ ಕೂರಲೂ ಆಗದೆ, ಬಯಲಿಗೆ ಹೋಗಲೂ ಆಗದೆ ನಿಂತಿರುತ್ತಾನೆ.

“ಯಣ್ಣಾ, ಇನ್ನೆಷ್ಟು ಮಂದಿ ಅದಾರ ಮಾತಾಡೋರು?”

“ಮೂರು ಮಂದಿ. ಆಮ್ಯಾಲೆ ಸನ್ಮಾನ ಐತಿ.”

ಹನ್ನೊಂದೂವರೆಗೆ ರಂಗಕ್ಕೆ ಬಂದವನ ಕೈಗೆ ‘ಹದಿನೈದು ನಿಮಿಷದಾಗ ಮುಗಿಸ್ರಿ’ ಎಂಬ ಚೀಟಿ ಬರುತ್ತದೆ. ಬೆಳಗಿನ ಜಾವ ನಿಧಾನಕ್ಕೆ ಸಾಯುವ ರೂಢಿಯವನು ಆ ಹದಿನೈದು ನಿಮಿಷದಲ್ಲಿ ಜೂಜಾಡಿ, ಸೀರೆ ಎಳೆಸಿ, ಕೊಳ ಹೊಕ್ಕು, ತೊಡೆ ಮುರಿಸಿಕೊಳ್ಳಬೇಕು. ಆಧುನಿಕ ರಂಗಭೂಮಿಯಲ್ಲಿ ವೇಗದ ತಂತ್ರ ಹುಟ್ಟಿದ್ದು ಹೀಗೆ.

ಇನ್ನು ರಸವಿಚಾರ. ಭರತ ಹೇಳಿದ್ದು ಎಂಟು, ಶಾಂತ ಸೇರಿ ಒಂಬತ್ತು. ಹತ್ತನೆಯದನ್ನು ಕಂಡುಕೊಂಡ ಕೀರ್ತಿ ಪಂಚ ತಾಲ್ಲೂಕುಗಳದ್ದು. ಅದು ಸನ್ಮಾನ ರಸ. ಸ್ಥಾಯಿಭಾವ ನಿರೀಕ್ಷೆ, ವಿಭಾವ ಶಾಲು, ಹಾರ, ನೆನಪಿನ ಕಾಣಿಕೆ, ಅನುಭಾವ ಕಣ್ಣು ಫೋಟೋಗ್ರಾಫರ್ ಕಡೆ ಹೊರಳುವುದು. ಹಾರದ ಬಗ್ಗೆ ಒಂದು ಮಾತು. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಆದರೆ ಮಲ್ಲಿಗೆ ವಂದನಾರ್ಪಣೆಯ ತನಕ ಬಾಳದು. ಎಷ್ಟು ಭಾಷಣವಾದರೂ ಬಾಡದ ಏಲಕ್ಕಿ ಹಾರ ಹೊಳೆಯಾಚೆಯ ಹಾವೇರಿಯಿಂದ ಬಂದರೆ ಅದು ವೈಜ್ಞಾನಿಕ ನಿರ್ಧಾರವೇ ಹೊರತು ಮಲ್ಲಿಗೆಗೆ ಮಾಡಿದ ದ್ರೋಹವಲ್ಲ.

ಈ ರಸಕ್ಕೆ ಭಂಗ ತಂದವರೂ ಇದ್ದಾರೆ. ಹಗರಿಬೊಮ್ಮನಹಳ್ಳಿಯ ನೆರೆಯ ಮರಿಯಮ್ಮನಹಳ್ಳಿಯ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ, ಸೆರಗು ಹಿಡಿದು ರಾಷ್ಟ್ರಪತಿಗೇ ದೃಷ್ಟಿ ನಿವಾಳಿಸಿದರು. ಸನ್ಮಾನಿತರು ಕೈಮುಗಿದು ನಿಲ್ಲಬೇಕೆಂಬ ನಿಯಮ ಮುರಿದು, ನಡುವೇದಿಕೆಯಲ್ಲಿ, ಅರೆ ನಿಮಿಷದಲ್ಲಿ, ಕಲೆಯನ್ನೇ ಆಡಿಬಿಟ್ಟರು. ಎಂ.ಪಿ. ಪ್ರಕಾಶರದು ಇನ್ನೊಂದು ಬಗೆ. ಉಪಮುಖ್ಯಮಂತ್ರಿ ಹುದ್ದೆಗೇರಿದ ರಾಜಕಾರಣಿ ಉದ್ಘಾಟಿಸಿ ಕಾರು ಹತ್ತಬೇಕಿತ್ತು. ಅವರು ಹಡಗಲಿಯಲ್ಲಿ ರಂಗಭಾರತಿ ಕಟ್ಟಿ ನಾಟಕ ಬೆಳೆಸಿದರು. ಇಂಥ ಅಪವಾದಗಳಿಂದ ನಮ್ಮ ಸಿದ್ಧಾಂತ ತುಸು ಅಲುಗಾಡುತ್ತದೆಂದು ಒಪ್ಪಲೇಬೇಕು.

ಕಲಾಪ್ರದರ್ಶನಗಳ ಕುರಿತು ಹೇಳುವುದು ಕಡಿಮೆ. ಚಿತ್ರಗಳನ್ನು ಕಾಲೇಜಿನ ಕೊಠಡಿಯೊಂದರಲ್ಲಿ ತೂಗುಹಾಕಿ, ಅತಿಥಿಗಳು ರಿಬ್ಬನ್ ಕತ್ತರಿಸಿ ಒಂದು ಸುತ್ತು ಹಾಕುತ್ತಾರೆ. ಅತಿ ದೊಡ್ಡ ಕೃತಿ ಹೊರಗಿನ ಫ್ಲೆಕ್ಸು. ಶಾಶ್ವತ ಪ್ರದರ್ಶನ ಬೇಕೆಂದರೆ ಕುರುವತ್ತಿಗೆ ಹೋಗಬೇಕು. ಅಲ್ಲಿಯ ಮಲ್ಲಿಕಾರ್ಜುನ ದೇಗುಲದ ಮದನಿಕೆಯರು ಕಲ್ಯಾಣ ಚಾಲುಕ್ಯರ ಕಾಲದಿಂದ ಉದ್ಘಾಟಕರಿಲ್ಲದೆ ನಿಂತಿದ್ದಾರೆ. ಪುರಾತತ್ತ್ವಜ್ಞ ಅಲೆಕ್ಸಾಂಡರ್ ರೀ 1896ರಲ್ಲಿ ಬಳ್ಳಾರಿ ಸೀಮೆಯ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕ ತಂದಾಗ, ಕುರುವತ್ತಿಯ ದೇಗುಲವನ್ನೂ ಹರಪನಹಳ್ಳಿ ಸೀಮೆಯ ಬಾಗಳಿಯ ದೇಗುಲವನ್ನೂ ಗೆರೆಗೆರೆಯಾಗಿ ಚಿತ್ರಿಸಿ ಸೇರಿಸಿದ. ಅವನಿಗೆ ಯಾರಾದರೂ ಶಾಲು ಹೊದಿಸಿದ ಉಲ್ಲೇಖ ಈ ಸಂಶೋಧಕನಿಗೆ ಸಿಕ್ಕಿಲ್ಲ. ಕಲಾವಿಮರ್ಶೆಯಂತೂ ನಮ್ಮ ಜನ ಎಂದೋ ಮುಗಿಸಿದ್ದಾರೆ. ‘ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು.’ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯ ಮರುಳಸಿದ್ಧೇಶ್ವರ ದೇಗುಲದ ಬಗ್ಗೆ ಇಷ್ಟು ಚಿಕ್ಕದಾಗಿ ಬರೆದರೆ ಪಿಎಚ್.ಡಿ. ಸಿಗುವುದಿಲ್ಲ.

ಹರಪನಹಳ್ಳಿಯ ಕಲಾವಿದನದು ವಿಶಿಷ್ಟ ಪ್ರಕರಣ. 1953ರ ತನಕ ಅವನು ಮದ್ರಾಸಿನವನು, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿಯವನು, 1997ರಲ್ಲಿ ದಾವಣಗೆರೆಯವನು, ಮತ್ತೆ ಬಳ್ಳಾರಿಯವನು, 2021ರಿಂದ ವಿಜಯನಗರದವನು. ಅವನು ಕಟ್ಟೆ ಬಿಟ್ಟು ಎದ್ದಿಲ್ಲ. ಜಿಲ್ಲಾ ಪ್ರಶಸ್ತಿಗೆ ಅರ್ಜಿ ತುಂಬುವಷ್ಟರಲ್ಲಿ ಜಿಲ್ಲೆಯೇ ಎದ್ದು ಹೋಗಿರುತ್ತದೆ.

ಕೊನೆಯದಾಗಿ ಪೂರ್ವಪಕ್ಷದ ಪ್ರಬಲ ಸಾಕ್ಷಿ, ಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಡೆಂಕನ ಮರಡಿಯಲ್ಲಿ ಬಿಲ್ಲು ಏರುತ್ತಾನೆ. ‘ಸದ್ದಲೇ!’ ಎಂದರೆ ಲಕ್ಷಾಂತರ ಜನ ಗಪ್‌ಚಿಪ್. ಭವಿಷ್ಯವಾಣಿಯಾದ ಕಾರಣಿಕವನ್ನು ಒಂದೇ ಸಾಲಲ್ಲಿ ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲನ್ನು ಮಳೆಗೆ, ಬೆಳೆಗೆ, ಸರ್ಕಾರಕ್ಕೆ ಹೊಂದಿಸಿ ಚಹದಂಗಡಿಗಳಲ್ಲಿ ವರ್ಷವಿಡೀ ವ್ಯಾಖ್ಯಾನ ನಡೆಯುತ್ತದೆ. ನಮ್ಮ ನಿರೂಪಕರು ‘ದಯಮಾಡಿ ಶಾಂತರಾಗಬೇಕು’ ಎಂದು ಹತ್ತು ಸಲ ಕೋರಿದರೂ ಮುಂದಿನ ಸಾಲಿನ ಹುಡುಗರು ಸುಮ್ಮನಾಗುವುದಿಲ್ಲ.

ಈ ಕೊರತೆ ನೀಗಿಸಲು ಕಾರಣಿಕವನ್ನೂ ವೇದಿಕಾ ಪದ್ಧತಿಗೆ ಅಳವಡಿಸುವ ಕರಡು ಪತ್ರಿಕೆಯೊಂದನ್ನು ಸಿದ್ಧಪಡಿಸಲಾಗಿದೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆಯವರೆಗೂ ತೊಡಕಿಲ್ಲ. ಬಿಲ್ಲಿನ ತುದಿಯಲ್ಲಿ ಮಾತ್ರ ಒಬ್ಬರಿಗೇ ಜಾಗವಿದ್ದು, ಅಧ್ಯಕ್ಷತೆ ವಹಿಸುವವರು ಎಲ್ಲಿ ಕೂರಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.