ತರಬೇತಿ ಮುಗಿಸಿ ಬಂದ ಸಾಹೇಬರು

ತರಬೇತಿ ಮುಗಿಸಿ ಬಂದ ಸಾಹೇಬರು ಕೇಂದ್ರ ಸರ್ಕಾರದ ಯಾವ ಇಲಾಖೆಯಲ್ಲೂ ಕಾಣಸಿಗುವ ಜಾತಿ. ಅಂಚೆ ಇಲಾಖೆಯಲ್ಲಿ ಬೆಳೆ ತುಸು ಹುಲುಸು. ಬಂಟ್ವಾಳ ಬದಿಯ ಪಾಣೆಮಂಗಳೂರು, ಮೇಲ್ಕಾರ್, ಕಲ್ಲಡ್ಕದ ಕಡೆಯವರು ಇವರನ್ನು ಕೊರಳಲ್ಲಿ ತೂಗುವ ಕಾರ್ಡಿನಿಂದಲೇ ಗುರುತಿಸುತ್ತಾರೆ. ಇಲಾಖೆಯ ಕಾರ್ಡು ಜೇಬಿನಲ್ಲಿರುತ್ತದೆ, ಕಾರ್ಯಾಗಾರದ ಕಾರ್ಡು ಎದೆಯ ಮೇಲೆ.

ಮೊದಲೂ ತರಬೇತಿ ಇತ್ತು. ಮೈಸೂರಿನ ಅಂಚೆ ತರಬೇತಿ ಕೇಂದ್ರಕ್ಕೆ ಹೋದವರು ಲೆಕ್ಕ, ನಿಯಮ ಕಲಿತು ಸ್ಯಾಂಡಲ್ ಸೋಪು ತರುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ‘ಮಿಷನ್ ಕರ್ಮಯೋಗಿ’ ಎಂಬ ನೌಕರರ ತರಬೇತಿ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ನಾಯಕತ್ವದ ಪಾಠವೂ ಮೊಬೈಲಿಗೆ ಬಂತು. 2024ರ ಅಕ್ಟೋಬರಿನ ಕಲಿಕಾ ಸಪ್ತಾಹದಲ್ಲಿ ತಲೆಗೆ ಕನಿಷ್ಠ 4 ಗಂಟೆ ಕಲಿಕೆ ಎಂದಾಯಿತು. ಗ್ರಾಮೀಣ ಡಾಕ್ ಸೇವಕರಲ್ಲಿ ಹಲವರಿಗೆ ಲೆಕ್ಕದ ಪ್ರಕಾರ ಇಡೀ ದಿನದ ಕೆಲಸವೇ 4 ಗಂಟೆ. ಹಾಗಾಗಿ ಸಮಯಪಾಲನೆಯ ಪಾಠ ಅಂಟಿನ ಡಬ್ಬಿಗೆ ಒರಗಿಕೊಂಡು ತನ್ನಷ್ಟಕ್ಕೆ ಓಡುತ್ತದೆ; ಪಕ್ಕದಲ್ಲಿ ಮೊಹರು ಬೀಳುತ್ತಿರುತ್ತದೆ. ಕೊನೆಗೆ ಸರ್ಟಿಫಿಕೇಟೂ ಬರುತ್ತದೆ.

ಸಾಹೇಬರ ಮೊದಲ ಸುಧಾರಣೆ ಕುರ್ಚಿಯಲ್ಲಿ. ಎಲ್ಲರೂ ವೃತ್ತಾಕಾರವಾಗಿ ಕೂರಬೇಕು. “ನಾನು ನಿಮ್ಮ ಬಾಸ್ ಅಲ್ಲ, ನಾವೆಲ್ಲ ಒಂದು ಟೀಮ್” ಎಂದು ಅವರು ಹೇಳುತ್ತಾರೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಆಮೇಲೆ ಹಿರಿಯ ಪೋಸ್ಟ್‌ಮ್ಯಾನ್ ಒಬ್ಬರು ಕೇಳುತ್ತಾರೆ: “ಹಾಗಾದ್ರೆ ರಜೆ ಯಾರತ್ರ ಕೇಳುದು ಸಾರ್?”

ಎರಡನೆಯದು ಸಲಹಾ ಪೆಟ್ಟಿಗೆ. ಇಲಾಖೆಯಲ್ಲಿ ಸಿಗುವ ಬಣ್ಣ ಕೆಂಪೊಂದೇ ಆದ್ದರಿಂದ ಅದಕ್ಕೂ ಕೆಂಪೇ. ವಾರದ ನಂತರ ತೆರೆದರೆ ಸಲಹೆ ಒಂದೂ ಇರುವುದಿಲ್ಲ. ಯಾರೋ ಅಜ್ಜ ಹಾಕಿಹೋದ ಉಪನಯನದ ಕಾಗದ ಇರುತ್ತದೆ, ಮುಹೂರ್ತ ಮೊನ್ನೆಗೆ ಮುಗಿದದ್ದು.

ಜವಾಬ್ದಾರಿ ಹಂಚುವುದು ಹೇಗೆಂದು ಸಾಹೇಬರು ಬೋರ್ಡಿನ ಮೇಲೆ ಬಾಣ ಎಳೆದು ವಿವರಿಸುವಾಗ ಕೇಳಿಸಿಕೊಳ್ಳುವವರಲ್ಲಿ ಶಾಖಾ ಅಂಚೆ ಕಚೇರಿಯ ಮಹಿಳೆಯೂ ಇರುತ್ತಾರೆ. ಡಾಕ್ ಸೇವಕರು ರಜೆ ಹಾಕಬೇಕಾದರೆ ಬದಲಿ ಆಳನ್ನು ತಾವೇ ಹುಡುಕಿ ನಿಲ್ಲಿಸುವುದು ಪದ್ಧತಿ. ನಾದಿನಿಯನ್ನು ಒಪ್ಪಿಸಿ, ಮೊಹರು, ನಗದು, ಕೈಯಂತ್ರದ ಕೆಲಸ ಕಲಿಸಿ, ತಮ್ಮನ ಮದುವೆಗೆ ಹೋಗಿಬಂದ ಆಕೆಗೆ ಬಾಣಗಳಲ್ಲಿ ಹೊಸತೇನೂ ಕಾಣುವುದಿಲ್ಲ. ಆದರೂ ಬರೆದುಕೊಳ್ಳುತ್ತಾರೆ. ಸಾಹೇಬರಿಗೆ ಬೇಸರವಾಗಬಾರದಲ್ಲ.

ಈ ಪ್ರಜಾಪ್ರಭುತ್ವ ಉಳಿಯುವುದು ಮೇಲಿನಿಂದ ಟಾರ್ಗೆಟ್ ಬರುವವರೆಗೆ. ಇಷ್ಟು ಉಳಿತಾಯ ಖಾತೆ, ಇಷ್ಟು ಗ್ರಾಮೀಣ ಅಂಚೆ ಜೀವವಿಮೆ, ಅದಕ್ಕೊಂದು ‘ಮೇಳ’. ಸುದ್ದಿ ಕೇಳಿದವರು “ಯಾವ ಮೇಳ ಮಾರಾಯ್ರೆ, ಕಟೀಲಾ, ಧರ್ಮಸ್ಥಳವಾ?” ಎನ್ನುವುದುಂಟು. ವ್ಯತ್ಯಾಸ ಇಷ್ಟೇ: ಯಕ್ಷಗಾನದ ಮೇಳಗಳು ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಅಂಚೆಯ ಮೇಳಕ್ಕೆ ಪತ್ತನಾಜೆ ಇಲ್ಲ. ವೃತ್ತದ ಕುರ್ಚಿಗಳು ಮತ್ತೆ ಸಾಲಾಗುತ್ತವೆ. ಟೀಮ್‌ನವರಿಗೆ ವಾಟ್ಸಾಪಿನಲ್ಲಿ ಬೆಳಿಗ್ಗೆ 6 ಗಂಟೆಗೇ ‘ಇಂದಿನ ಅಂಕಿ?’ ಎಂಬ ಪ್ರಶ್ನೆ ಬೀಳುತ್ತದೆ. ಇದರಲ್ಲಿ ಸಾಹೇಬರ ತಪ್ಪು ಅರ್ಧ ಮಾತ್ರ. ಅವರಿಗೂ 5 ಮುಕ್ಕಾಲಿಗೆ ಅದೇ ಪ್ರಶ್ನೆ ಬಂದಿರುತ್ತದೆ.

ಈ ಜಾತಿಯ ನಿಜವಾದ ಪರೀಕ್ಷೆ ಮಳೆಗಾಲದ್ದು. 1923ರ ಮಾರಿಬೊಳ್ಳದ, ಅಂದರೆ ಮಹಾನೆರೆಯ, ಕತೆ ಕೇಳಿ ಬೆಳೆದ ಹೊಳೆಬದಿಯವರಿಗೆ ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಎಂಬುದು ಬಾಯಿಪಾಠ. ನೀರು ಏಳು ದಾಟಿತೆಂಬ ಸುದ್ದಿ ಬಂದಾಗ ಸಾಹೇಬರು ವಿಪತ್ತು ನಿರ್ವಹಣೆಯ ಪುಟ ಹುಡುಕುತ್ತಿರುತ್ತಾರೆ. ಅಷ್ಟರಲ್ಲಿ ಪ್ಯಾಕರ್ ಲುಂಗಿ ಎತ್ತಿ ಕಟ್ಟಿ ಬೆಂಚು ಏರಿರುತ್ತಾನೆ. ಯಾವ ಕಟ್ಟು ಮೊದಲು ಅಟ್ಟಕ್ಕೆ, ಯಾವುದು ನೆನೆದರೂ ನಡೆದೀತು, ಯಾರು ಕೊಡಬೇಕು, ಯಾರು ಹಿಡಿಯಬೇಕು ಎಲ್ಲ ಅವನಿಗೆ ಗೊತ್ತು.

“ಸಾರ್, ನೀವು ಆಚೆ ಬದಿ ಹಿಡ್ಕೊಳ್ಳಿ.”

ಸಾಹೇಬರು ಹಿಡಿದುಕೊಳ್ಳುತ್ತಾರೆ. ಬಗ್ಗುವಾಗ ಕೊರಳ ಕಾರ್ಡು ಅಡ್ಡ ಬರುತ್ತದೆಂದು ತೆಗೆದು, ಕೈಗೆ ಸಿಕ್ಕಿದ ಸಲಹಾ ಪೆಟ್ಟಿಗೆಯೊಳಗೆ ಹಾಕುತ್ತಾರೆ.