ಮುಂದಿನ ಆಸನದ ಯಜಮಾನರು

ಅಣ್ಣಿಗೇರಿ, ನವಲಗುಂದ, ಕುಂದಗೋಳಗಳ ಎರೆಭೂಮಿಯಲ್ಲಿ ಸುಗ್ಗಿ ಮುಗಿದು, ಕಡಲೆ ಮೆಣಸಿನಕಾಯಿಗಳ ದುಡ್ಡು ಕೈಸೇರಿ, ಮಕ್ಕಳಿಗೆ ಶಾಲೆಯ ರಜೆ ದೊರೆತು, ವೈಶಾಖದ ಬಿಸಿಲಿಗೆ ಹೊಲವೆಲ್ಲ ಬಿರುಕುಬಿಡುವ ವೇಳೆಗೆ, ಪ್ರತಿಯೊಂದು ಬಳಗದಲ್ಲಿಯೂ ಒಬ್ಬ ಯಜಮಾನರು ಉದಯಿಸುತ್ತಾರೆ. ವರ್ಷದ ಮಿಕ್ಕ ದಿನಗಳಲ್ಲಿ ಇವರು ಗುಡಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುವ ಸಾಧಾರಣ ಗೃಹಸ್ಥರು. ಆದರೆ “ಗೋಕರ್ಣಕ್ಕ ಹೋಗಿ, ಹಂಗ ಧರ್ಮಸ್ಥಳಾ ಮಾಡ್ಕೊಂಡು ಬರೂಣು” ಎಂಬ ಮಾತು ಮನೆಯಲ್ಲಿ ಹುಟ್ಟಿದೊಡನೆಯೇ ಬಾಡಿಗೆಯ ಗಾಡಿಯನ್ನು ಗೊತ್ತುಮಾಡುವ, ಕಿಲೋಮೀಟರಿನ ದರಕ್ಕಾಗಿ ಚೌಕಾಶಿ ನಡೆಸುವ, ಯಾರು ಯಾರ ಮಗ್ಗುಲಿಗೆ ಕೂಡಬೇಕೆಂಬುದನ್ನು ವಿಧಿಸುವ ಸಮಸ್ತ ಭಾರವೂ ಇವರ ಹೆಗಲನ್ನೇರಿ, ಆ ಭಾರಕ್ಕೆ ಸಲ್ಲತಕ್ಕ ಪ್ರತಿಫಲವಾಗಿ ಚಾಲಕನ ಪಕ್ಕದ ಆಸನವು ಇವರಿಗೆ ಪ್ರಾಪ್ತವಾಗುತ್ತದೆ. ಬಳಗದವರೆಲ್ಲ ಇವರನ್ನು ಕಾಕಾ ಎನ್ನುವರು. ನಾವೂ ಹಾಗೆಯೇ ಕರೆಯೋಣ.

ಗಾಡಿ ಎಂದರೆ ಬರಿಯ ವಾಹನವಲ್ಲ, ಚಲಿಸುವ ಸಂಸಾರ. ಮೇಲಿನ ಕ್ಯಾರಿಯರಿನಲ್ಲಿ ಗ್ಯಾಸಿನ ಒಲೆ, ಬೋಗುಣಿ, ಹಾಸಿಗೆಯ ಸುರುಳಿ. ಹಿಂದಿನ ಸಾಲಿನ ಕಾಲ್ದೆಸೆಯಲ್ಲಿ ಕಟಕರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಮೊಸರಬುತ್ತಿ. ಇವುಗಳ ನಡುವೆ ಉಳಿದ ಅಲ್ಪಸ್ವಲ್ಪ ಅವಕಾಶದಲ್ಲಿ ಮನುಷ್ಯರು. ಮುಂಗಡ ಕೊಡುವಾಗ ಕಾಕಾ ಕೇಳಿದ ಪ್ರಶ್ನೆ ಒಂದೇ: “ಎ.ಸಿ. ಐತೇನಪಾ?” ಚಾಲಕನು “ಐತ್ರೀ” ಎಂದನು. ಅದು ಎಲ್ಲಿಯವರೆಗೆ ತಲುಪುವುದೆಂದು ಅವರು ಕೇಳಲಿಲ್ಲ. ಆತನಾದರೂ ಕೇಳದ ಪ್ರಶ್ನೆಗೆ ಉತ್ತರ ಹೇಳುವಷ್ಟು ಅವಿವೇಕಿಯಲ್ಲ.

ಗಾಡಿ ಹುಬ್ಬಳ್ಳಿಯ ಹಾದಿ ಹಿಡಿದು ಇನ್ನೂ ಸ್ವಲ್ಪ ಹೊತ್ತಾಗಿರುವುದಿಲ್ಲ, ಹಿಂದಿನಿಂದ ಕಾಕೂನ ಧ್ವನಿ ಕೇಳಿಸುತ್ತದೆ: “ಏನ್ರೀ, ಇಲ್ಲಿ ಗಾಳೀನ ಬರವಲ್ತು.” ಕಾಕಾ ತಮ್ಮೆದುರಿನ ಜಾಳಿಗೆಗೆ ಅಂಗೈಯೊಡ್ಡಿ, ವೈದ್ಯರು ನಾಡಿ ಪರೀಕ್ಷಿಸುವ ಗಾಂಭೀರ್ಯದಿಂದ ಕ್ಷಣಕಾಲ ಕಣ್ಣುಮುಚ್ಚಿ ತೀರ್ಪು ಕೊಡುತ್ತಾರೆ: “ಐಸ್ ಆಗೇತಿ ನೋಡ, ಐಸ್! ನಿನಗ ಹೆಂಗ ಧಗಿ ಆಕ್ಕೈತಿ?” ಅಷ್ಟಕ್ಕೇ ನಿಲ್ಲದೆ, ಹೆಗಲ ಮೇಲಿನ ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, “ತುಸು ಕಡಿಮಿ ಮಾಡಪಾ ತಮ್ಮಾ, ನೆಗಡಿ ಆಕ್ಕೈತಿ, ಮ್ಯಾಲ ಡೀಸೆಲ್ ಬ್ಯಾರೆ ಕುಡೀತೈತಿ” ಎಂದು ಚಾಲಕನಿಗೆ ಆಜ್ಞಾಪಿಸುತ್ತಾರೆ. ಹಿಂದಿನ ಸಾಲಿನಲ್ಲಿ ಮೊಸರಬುತ್ತಿಯು ಹುಳಿಯಾಗತೊಡಗುವುದು ಅದೇ ಸಮಯಕ್ಕೆ.

ಇದರಲ್ಲಿ ಕಾಕಾನ ಅಂಗೈ ಸುಳ್ಳು ಹೇಳಿತೆನ್ನುವಂತಿಲ್ಲ. ಜಾಳಿಗೆಯಿಂದ ಹೊರಟ ತಂಪು ಮೊದಲು ಯಜಮಾನರ ಉದರವನ್ನೂ ಅನಂತರ ಅವರ ಆಸನದ ಬೆನ್ನನ್ನೂ ದಾಟಬೇಕು. ದಾಟಿ ಹೋದರೆ, ಸೂರ್ಯನಿಗೆ ಕಾದ ತಗಡಿನ ಮಾಡು, ಎರಡೂ ಮಗ್ಗುಲಿನ ಗಾಜು ಅದನ್ನು ಎದುರುಗೊಳ್ಳುತ್ತವೆ. ಇವುಗಳ ಜೊತೆಗೆ ಸುಮ್ಮನೆ ಕುಳಿತ ಮನುಷ್ಯನೊಬ್ಬನ ಮೈಯಿಂದಲೇ ಸುಮಾರು 100 ವ್ಯಾಟಿನಷ್ಟು ಶಾಖ ಹೊರಡುವುದರಿಂದ, ಹಿಂದೆ ಹತ್ತು ಮಂದಿಯಿದ್ದರೆ ಇಸ್ತ್ರಿಪೆಟ್ಟಿಗೆಯೊಂದನ್ನು ಸದಾ ಉರಿಸಿಟ್ಟಂತೆಯೇ ಸರಿ. ಇದನ್ನರಿತ ತಯಾರಕರು ದೊಡ್ಡ ಗಾಡಿಗಳಲ್ಲಿ ಹಿಂಬದಿಯವರಿಗೆಂದೇ ಬೇರೊಂದು ತಂಪುಯಂತ್ರವನ್ನೋ, ಮಾಡಿನುದ್ದಕ್ಕೂ ಗಾಳಿಯ ಕೊಳವೆಯನ್ನೋ ಅಳವಡಿಸುತ್ತಾರೆ. ಅಂಥ ಗಾಡಿಗೆ ಬಾಡಿಗೆ ಹೆಚ್ಚು. ಅದನ್ನು ಉಳಿಸಿದ ಕೀರ್ತಿಯೂ ಕಾಕಾನದೇ.

ಹಿಂದಿನ ಸಾಲಿನ ಅಜ್ಜಿಯಾದರೋ ಯಾರನ್ನೂ ದೂರದೆ, ಹಳೆಯ ಇಳಕಲ್ ಸೀರೆಯೊಂದನ್ನು ಕಿಟಕಿಗೆ ಹೊರಗಿನಿಂದ ಕಟ್ಟಿಸಿ, ಒದ್ದೆಯ ಟವೆಲನ್ನು ಮೊಮ್ಮಗುವಿನ ಕತ್ತಿಗೆ ಸುತ್ತುತ್ತಾಳೆ. ಶಾಸ್ತ್ರಸಮ್ಮತವಾದ ಉಪಾಯವೇ: ಬಿಸಿಲು ಗಾಜನ್ನು ಹಾಯ್ದು ಒಳಬಂದ ಮೇಲೆ ಪರದೆ ಎಳೆಯುವುದಕ್ಕಿಂತ ಹೊರಗೇ ತಡೆಯುವುದು ಮೇಲು, ಅಣ್ಣಿಗೇರಿಯ ಒಣಗಾಳಿಯಲ್ಲಿ ಒದ್ದೆಯರಿವೆಯ ನೀರು ಬೇಗನೆ ಆರುತ್ತ ಮೈಯ ಶಾಖವನ್ನು ಒಯ್ಯುತ್ತದೆ. ಅಂಕೋಲೆಯ ಕರಾವಳಿಯ ತೇವದಲ್ಲಿ ಈ ವಿದ್ಯೆ ಅಷ್ಟಾಗಿ ನಡೆಯದು.

ಅಜ್ಜಿ ಈ ವಿದ್ಯೆಯನ್ನು ಕಲಿತದ್ದು ಉಳವಿಯ ಹಾದಿಯಲ್ಲಿ. ಮಾಘಮಾಸದಲ್ಲಿ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡದ ಸೀಮೆಯಿಂದ ಸಾಲುಸಾಲಾಗಿ ಹೊರಡುವ ಚಕ್ಕಡಿಗಳಿಗೆ ಕಮಾನು ಕಟ್ಟಿ, ಮೇಲೆ ತಾಡಪಾಲು ಹೊದಿಸಿ, ಹಿಂದೆ ಮುಂದೆ ತೆರೆದಿಡುವುದರಿಂದ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ. ರಾತ್ರಿ ಬಿಡಾರ, ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ರೆ. ಆ ಬಂಡಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಒಳಗಿನ ನೆರಳು. ಹಗ್ಗ ಹಿಡಿದು ಮುಂದೆ ಕುಳಿತ ಯಜಮಾನನಿಗೆ ಮೋರೆಯ ಮೇಲೆ ನೇರ ಬಿಸಿಲು. ಮುಂದೆ ಕೂಡುವುದೆಂದರೆ ಬಿಸಿಲನ್ನು ಮೊದಲು ತಾನು ಉಣ್ಣುವುದೆಂದು ಆ ಕಾಲದ ಯಜಮಾನಿಕೆ ತಿಳಿದಿತ್ತು. ಎತ್ತು ಹೋಗಿ ಎಂಜಿನ್ ಬಂದಾಗ ಆಸನ ಅಲ್ಲಿಯೇ ಉಳಿಯಿತು. ಬಿಸಿಲು ಮಾತ್ರ ಹಿಂದಕ್ಕೆ ಸರಿಯಿತು.

ಇತ್ತ ನಮ್ಮ ಗಾಡಿ ಕಲಘಟಗಿ ದಾಟಿ ಯಲ್ಲಾಪುರದ ಕಾಡು ಸಮೀಪಿಸಿದೊಡನೆ ಕಿಟಕಿಗಳನ್ನು ತೆರೆದ ಹಿಂದಿನ ಸಾಲಿಗೆ ಮರಗಳ ಗಾಳಿ ತಾಗಿ, ಅಳುತ್ತಿದ್ದ ಕೂಸು ನಿದ್ರೆಹೋಗುತ್ತದೆ. ಕಾಕಾ ವಿಜಯೋತ್ಸಾಹದಿಂದ ಹಿಂತಿರುಗಿ, “ಹೇಳಿದ್ನಿಲ್ಲ? ಎ.ಸಿ. ಹಿಂದ ಬರಾಕ ತುಸು ಹೊತ್ತು ಹಿಡೀತೈತಿ!” ಎನ್ನುತ್ತಾರೆ. ಅಲ್ಲಗಳೆಯುವ ಶಕ್ತಿ ಹಿಂದೆ ಯಾರಲ್ಲಿಯೂ ಉಳಿದಿರುವುದಿಲ್ಲ.

ಆದುದರಿಂದ ಮುಂಗಡ ಕೊಡಲು ಹೊರಟ ಕಾಕಾಗಳಲ್ಲಿ ನನ್ನ ಬಿನ್ನಹವಿಷ್ಟೇ: ಗಾಡಿಯನ್ನು ಮುಂಜಾವಿನ ತಂಪಿನಲ್ಲಿ ನೋಡಬೇಡಿರಿ, ಮಟಮಟ ಮಧ್ಯಾಹ್ನದಲ್ಲಿ ನೋಡಿರಿ, ಮೊದಲು ಬಾಗಿಲುಗಳನ್ನೆಲ್ಲ ತೆರೆದು ಒಳಗಿನ ಕುದಿಗಾಳಿಯನ್ನು ಹೊರದೂಡಿ, ಆಮೇಲೆ ಎ.ಸಿ. ಹಾಕಿಸಿರಿ, ಹಾಕಿಸಿ, ಕಟ್ಟಕಡೆಯ ಸಾಲಿನ ನಡುವಿನ ಜಾಗದಲ್ಲಿ ಸ್ವತಃ ಕುಳಿತು ಒಂದು ಎಲೆ ಅಡಿಕೆ ಮುಗಿಯುವವರೆಗೆ ಕಾಯಿರಿ. ಅಲ್ಲಿ ತಂಪೆನಿಸಿದರೆ ಗಾಡಿ ಒಳ್ಳೆಯದು. ಎನಿಸದಿದ್ದರೆ ಇನ್ನೊಂದನ್ನು ನೋಡಿರಿ, ಇಲ್ಲವೆ ಪ್ರಯಾಣದುದ್ದಕ್ಕೂ ಆ ಜಾಗವನ್ನು ತಾವೇ ಅಲಂಕರಿಸಿರಿ.