ಪರಂಗಿಪೇಟೆಯ ಕುಲುಮೆಯೊಡನೆ ಸಂಭಾಷಣೆ

1781ರ ಜುಲೈ 1ರಂದು ಹೈದರಾಲಿಯ ಸೇನೆಯು ಬ್ರಿಟಿಷ್ ಸೇನಾಪತಿ ಐರ್ ಕೂಟನೆದುರು ಹಿಮ್ಮೆಟ್ಟಿದ ಸ್ಥಳವೆಂದು ಪೋರ್ಟೊ ನೋವೊ, ಅರ್ಥಾತ್ ಪರಂಗಿಪೇಟೆ, ನಮ್ಮ ಮೈಸೂರಿನವರಿಗೆ ಪಾಠಪುಸ್ತಕದಿಂದ ಪರಿಚಿತವೇ. ಆದರೆ ಅರ್ಧಶತಮಾನದ ತರುವಾಯ ತಮಿಳುನಾಡಿನ ಅದೇ ಕಡಲತೀರದಲ್ಲಿ ಕಬ್ಬಿಣ ಕರಗಿಸಹೊರಟ ಕಾರ್ಖಾನೆಯ ಯೋಗಕ್ಷೇಮವನ್ನು ವಿಚಾರಿಸಿದವರು ವಿರಳರಾದುದರಿಂದ, ಅದರ ಕುಲುಮೆಯ ಪ್ರೇತವನ್ನೇ ಸಂದರ್ಶಿಸಬೇಕಾಯಿತು.

ನಾನು: ತಮ್ಮ ಜನ್ಮವೃತ್ತಾಂತ?

ಕುಲುಮೆ: ಈಸ್ಟ್ ಇಂಡಿಯಾ ಕಂಪನಿಯ ನೌಕರಿಯನ್ನು ತ್ಯಜಿಸಿದ ಜೋಸೈಯಾ ಮಾರ್ಷಲ್ ಹೀತ್ ಎಂಬ ಮಹಾನುಭಾವನು, ಅದೇ ಕಂಪನಿಯಿಂದ ಸಾಲವನ್ನೂ ವಿಶೇಷಾಧಿಕಾರವನ್ನೂ ಪಡೆದು, 1830ರಲ್ಲಿ ನನ್ನ ಸ್ಥಾಪನೆಗೆ ಕೈಯಿಕ್ಕಿದನು. ಬಿಟ್ಟುಬಂದ ಧಣಿಯೇ ಬಂಡವಾಳವನ್ನೂ ಕೊಡುವ ಸುಯೋಗ ನಿಮ್ಮವರಿಗೆ ಒದಗುವುದೋ ಇಲ್ಲವೋ, ನಾನರಿಯೆ.

ನಾನು: ಅದಿರು ಸೇಲಂ ಸೀಮೆಯ ಬೆಟ್ಟಗಳಲ್ಲಿ, ತಾವು ಸಮುದ್ರದ ಬಳಿಯಲ್ಲಿ?

ಕುಲುಮೆ: ಹಡಗು ಸಮೀಪದಲ್ಲಿದ್ದರೆ ಇಂಗ್ಲೆಂಡೂ ಸಮೀಪವೆಂಬುದು ದೊರೆಗಳ ಭೂಗೋಳಶಾಸ್ತ್ರ. ಅದಿರು ನದಿ ತುಂಬಿದಾಗ ಹರಿಗೋಲನ್ನೇರಿ, ಬತ್ತಿದಾಗ ಎತ್ತುಗಳನ್ನು ನಂಬಿ ಬರಬೇಕಾಗಿತ್ತು. ಕಲ್ಲಿದ್ದಲಿಲ್ಲದ ಕಾರಣ ಮರದ ಇದ್ದಿಲಿಗಾಗಿ ಕಾಡುಗಳನ್ನೇ ನುಂಗಿದೆನು. ಹತ್ತಿರದ ಕಾಡು ತೀರಿದಂತೆಲ್ಲ ಇದ್ದಿಲಿನ ದಾರಿ ದೀರ್ಘವಾಯಿತು, ದಾರಿ ದೀರ್ಘವಾದಂತೆಲ್ಲ ನಷ್ಟವೂ ವರ್ಧಿಸಿತು. ಉಂಡವನು ನಾನೆಂಬುದು ನಿಜ. ಬಡಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ನಾನು: ರೈಲುಮಾರ್ಗವೊಂದಿದ್ದಿದ್ದರೆ!

ಕುಲುಮೆ: ರೈಲನ್ನು ನಾನು ಕಾಣಲಿಲ್ಲ, ಆದರೆ ನನ್ನ ಕಬ್ಬಿಣವು ಕಂಡಿತು, ವೇಲ್ಸಿನಲ್ಲಿ! ಮೆನಾಯ್ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ನನು ನಿರ್ಮಿಸಿದ, 1850ರಲ್ಲಿ ಸಂಚಾರಕ್ಕೆ ತೆರೆದ ಬ್ರಿಟಾನಿಯಾ ರೈಲುಸೇತುವೆಗೆ ಅದು ಸಂದಿತೆಂದು ಚರಿತ್ರಕಾರರು ಬರೆಯುತ್ತಾರೆ. ಅಲ್ಲಿಯ ಹೋಲಿಹೆಡ್ ಬಂದರಿನ ಪ್ರಯಾಣಿಕರನ್ನು ನನ್ನ ಕಬ್ಬಿಣವು ಹೊತ್ತುನಿಂತಿದ್ದಾಗ, ಇತ್ತ ನನ್ನ ಅದಿರನ್ನು ಹೊರಲು ಒಂದು ಗಜ ಹಳಿಯೂ ಇರಲಿಲ್ಲ.

ನಾನು: ಹೀತ್ ಮಹಾಶಯನಾದರೂ ಶ್ರೀಮಂತನಾದನೇ?

ಕುಲುಮೆ: ಉಕ್ಕಿಗೆ ಮ್ಯಾಂಗನೀಸ್ ಬೆರೆಸುವ ವಿಧಾನಕ್ಕೆ 1839ರಲ್ಲಿ ಪೇಟೆಂಟ್ ಪಡೆದನು. ಲಾಭ ಶೆಫೀಲ್ಡಿನ ಉಕ್ಕು ತಯಾರಕರಿಗಾಯಿತು, ವ್ಯಾಜ್ಯ ಇವನ ಪಾಲಿಗೆ ಬಂದಿತು; ಅದು ಇತ್ಯರ್ಥವಾಗುವ ಮುನ್ನ, 1851ರಲ್ಲಿ, ಇವನೇ ತೀರಿಕೊಂಡನು.

ನಾನು: ಕಡೆಗೆ ಪರಂಗಿಪೇಟೆಗೆ ರೈಲು ಬರಲೇ ಇಲ್ಲವೆ?

ಕುಲುಮೆ: ಬಾರದೆ ಏನು! 1860ರ ದಶಕದಲ್ಲಿ ನನ್ನ ಬೆಂಕಿ ಆರಿತು. 1870ರ ದಶಕದಲ್ಲಿ ದಕ್ಷಿಣ ಇಂಡಿಯಾ ರೈಲ್ವೆಯವರು ನಮ್ಮೂರಿಗೆ ಹಳಿ ಹಾಸಿದರು. ಅದಕ್ಕೆ ಬೇಕಾದ ಕಬ್ಬಿಣ ವಿಲಾಯತಿಯಿಂದ ಹಡಗಿನಲ್ಲಿ ಬಂದಿತು.